ಹತ್ತಿ ಇಳಿದ ಘಟ್ಟ

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಗದ್ದೆ, ತೆಂಗು, ಅಡಕೆಯ ಊರು ಅದು. ಮಳೆಗಾಲ ಶುರುವಾದರೆ ನಾಲ್ಕು ತಿಂಗಳು ಬಟ್ಟೆ ಒಣಗುವುದೇ ಕಷ್ಟ. ಆದರೂ 19ನೇ ಶತಮಾನದ ಹತ್ತಿ ವ್ಯಾಪಾರಿಗಳ ಲೆಕ್ಕದ ಪುಸ್ತಕದಲ್ಲಿ ‘ಕುಮ್ಟಾ’ ಎಂದರೆ ಊರಲ್ಲ, ಹತ್ತಿಯ ಒಂದು ಜಾತಿ. ಧಾರವಾಡ, ಹುಬ್ಬಳ್ಳಿ, ಗದಗಿನ ಎರೆಮಣ್ಣಿನಲ್ಲಿ ಬೆಳೆದ ದೇಸಿ ಹತ್ತಿ ಘಟ್ಟ ಇಳಿದು ಬಂದು ಕುಮಟಾದಲ್ಲಿ ಹಡಗು ಏರುತ್ತಿತ್ತು. ಕೊಂಡವರು ಬೆಳೆದ ಊರನ್ನು ಬಿಟ್ಟು ಸಾಗಿಸಿದ ಊರಿನ ಹೆಸರನ್ನೇ ಇಟ್ಟರು. ಆ ವ್ಯಾಪಾರ ಮುಗಿದು ನೂರು ವರ್ಷ ದಾಟಿದರೂ ಕೃಷಿ ವಿಜ್ಞಾನದ ಪುಸ್ತಕಗಳಲ್ಲಿ ‘ಕುಮ್ಟಾ ಹತ್ತಿ’ ಇನ್ನೂ ಇದೆ.

ಈ ಹೆಸರು ನನಗೆ ಮತ್ತೆ ಮತ್ತೆ ನೆನಪಾಗುವುದು ಪತ್ರಿಕೆಯಲ್ಲಿ ಹೆದ್ದಾರಿ ಅಭಿವೃದ್ಧಿಯ ಸುದ್ದಿ ಓದುವಾಗ. ಉತ್ತರ ಕನ್ನಡದಲ್ಲಿ ಈಗ ಮೂರು ರಾಷ್ಟ್ರೀಯ ಹೆದ್ದಾರಿಗಳ ಮಾತು ಒಟ್ಟಿಗೇ ನಡೆಯುತ್ತಿದೆ. ಕರಾವಳಿಯುದ್ದಕ್ಕೆ ಓಡುವ 66. ಪಂಜಾಬಿನ ಸಂಗ್ರೂರಿನಲ್ಲಿ ಹುಟ್ಟಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲೆಯಲ್ಲಿ ಮುಗಿಯುವ 52. ನಮ್ಮ ಕಡೆಯ ಹಳಬರಿಗೆ ಅದು ಇನ್ನೂ 63. ಮತ್ತೊಂದು, ಹಾವೇರಿಯಿಂದ ಶಿರಸಿಗೆ ಬಂದು ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ ಇಳಿಯುವ 766ಇ. ಬಂದರಿನ ಸಂಪರ್ಕ, ವ್ಯಾಪಾರದ ವೃದ್ಧಿ, ಹಿಂದುಳಿದ ಪ್ರದೇಶದ ಏಳಿಗೆ ಎಂಬ ಕಾರಣಗಳನ್ನು ಇವುಗಳಿಗೆ ಕೊಡುತ್ತಾರೆ. ಇದೇ ದಾರಿಗಳಿಗೆ, ಹೆಚ್ಚುಕಡಿಮೆ ಇವೇ ಕಾರಣಗಳನ್ನು, 160 ವರ್ಷಗಳ ಹಿಂದೆಯೂ ಕೊಡಲಾಗಿತ್ತು. ಆಗ ಆದದ್ದು ಏನು ಎಂದು ತಿಳಿದುಕೊಳ್ಳುವುದು ಈಗ ಆಗುತ್ತಿರುವುದನ್ನು ನೋಡಲು ಸಹಾಯವಾದೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ರಸ್ತೆಗಿಂತ ಮುಂಚೆ ಇದ್ದದ್ದು ಹೇರಿನ ದಾರಿ. ಗಾಡಿಗೆ ಜಾಗವಿಲ್ಲದ ಕಡೆ ಎತ್ತಿನ ಬೆನ್ನೇ ಗಾಡಿ. 16ನೇ ಶತಮಾನದ ಆದಿಯಲ್ಲಿ ವಿಜಯನಗರಕ್ಕೆ ಹೋಗಿಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಭಟ್ಕಳಕ್ಕೆ ಪ್ರತಿವರ್ಷ ಐದಾರು ಸಾವಿರ ಹೇರೆತ್ತುಗಳು ಬರುತ್ತಿದ್ದುದನ್ನು ಹೇಳುತ್ತಾನೆ. ಇಪ್ಪತ್ತು ಮೂವತ್ತು ಎತ್ತಿಗೆ ಒಬ್ಬ ಆಳು. ಸಮುದ್ರದಿಂದ ಮೇಲಕ್ಕೆ ಕುದುರೆ, ಲೋಹ, ಉಪ್ಪು. ಮೇಲಿನಿಂದ ಕೆಳಕ್ಕೆ ಅಕ್ಕಿ, ಬಟ್ಟೆ. ಘಟ್ಟದ ಮಡಿಲಿನ ಕಾಳುಮೆಣಸು ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರಿಂದ ‘ಕರಿಮೆಣಸಿನ ರಾಣಿ’ ಎಂಬ ಹೆಸರು ತಂದುಕೊಟ್ಟಿತು. ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಉಪ್ಪು ಲಂಬಾಣಿಗಳ ಎತ್ತಿನ ಮೇಲೆ ಬಯಲುಸೀಮೆಯ ಅಡುಗೆಮನೆ ತಲುಪುತ್ತಿತ್ತು. ಈ ದಾರಿಗಳಿಗೆ ಎಂಜಿನಿಯರ್ ಇರಲಿಲ್ಲ. ಎತ್ತು ಹತ್ತಬಲ್ಲ ಕಡೆ, ಕುಡಿಯಲು ನೀರು ಸಿಗುವ ಕಡೆ, ಹೊಳೆ ಆಳವಿಲ್ಲದ ಕಡೆ ದಾರಿ ತಾನಾಗಿ ಬಿದ್ದಿತ್ತು. ಮಳೆಗಾಲ ಬಂದರೆ ದಾರಿಯೂ ರಜೆ ತೆಗೆದುಕೊಳ್ಳುತ್ತಿತ್ತು.

ಇದನ್ನು ಬದಲಿಸಿದ್ದು ಹತ್ತಿ. ಲಂಕಾಶೈರಿನ ಗಿರಣಿಗಳು ಅಮೆರಿಕದ ಗುಲಾಮರು ಬೆಳೆದ ಹತ್ತಿಯ ಮೇಲೆ ನಿಂತಿದ್ದವು. ಒಂದೇ ಮೂಲವನ್ನು ನಂಬಿ ಕೂರುವುದು ಅಪಾಯ ಎಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳಿಗೆ ಮೊದಲೇ ಅನ್ನಿಸಿತ್ತು. 1840ರ ದಶಕದಲ್ಲಿ ಅಮೆರಿಕದಿಂದ ತೋಟಗಾರರನ್ನೇ ಹುಬ್ಬಳ್ಳಿಯ ಬಳಿಗೆ ಕರೆತಂದು ನ್ಯೂ ಆರ್ಲಿಯನ್ಸ್ ಬೀಜವನ್ನು ಬೆಳೆಸಿ ನೋಡಲಾಯಿತು. ಧಾರವಾಡದ ಕಲೆಕ್ಟರ್ ಶಾ ಅದರ ಬೆನ್ನುಹತ್ತಿದರು. ಹಿಂದೂಸ್ತಾನದ ಬೇರೆ ಕಡೆ ಸೋತ ಆ ಪ್ರಯೋಗ ಧಾರವಾಡದಲ್ಲಿ ಮಾತ್ರ ಕೈಹಿಡಿಯಿತು. ‘ಧಾರವಾಡ ಅಮೆರಿಕನ್’ ಎಂಬ ಹೊಸ ಹೆಸರು ಪೇಟೆಯಲ್ಲಿ ಓಡತೊಡಗಿತು. ಅಮೆರಿಕನ್ ಹತ್ತಿಯ ಬೀಜ ಬಿಡಿಸುವ ಹಲ್ಲುಗಾಲಿಯ ಜಿನ್ ಯಂತ್ರಗಳ ಕಾರ್ಖಾನೆಯೂ ಧಾರವಾಡಕ್ಕೆ ಬಂತು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಮ್ಯಾಂಚೆಸ್ಟರಿನ ಭಯ ನಿಜವಾಯಿತು. ಲಂಕಾಶೈರಿನ ಗಿರಣಿಗಳು ನಿಂತವು, ಕಾರ್ಮಿಕರು ಗಂಜಿಕೇಂದ್ರದ ಮುಂದೆ ಸಾಲುಗಟ್ಟಿದರು. ಹತ್ತಿ ಧಾರವಾಡದಲ್ಲಿತ್ತು; ಆದರೆ ಅದು ಸಮುದ್ರ ತಲುಪಬೇಕಾದರೆ ಘಟ್ಟ ಇಳಿಯಬೇಕಿತ್ತು. ಎತ್ತಿನ ಬೆನ್ನಿನ ಮೇಲೆ ಬರುವ ಹತ್ತಿ ಧೂಳು ತಿಂದು, ಇಬ್ಬನಿ ಕುಡಿದು, ಎಷ್ಟೋ ಸಲ ತೂಕ ಹೆಚ್ಚಿಸಲು ನೀರು, ಮಣ್ಣು, ಬೀಜ ಬೆರೆಸಿಕೊಂಡು ಬರುತ್ತಿತ್ತು. ಬಾಂಬೆ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆಯ ವಿರುದ್ಧ ಕಾಯ್ದೆ ಮಾಡಿದ್ದು ಈ ಹಿನ್ನೆಲೆಯಲ್ಲಿ.

ಹಾಗಾಗಿ ರಸ್ತೆ ಬೇಕಾಯಿತು, ಬಂದರೂ ಬೇಕಾಯಿತು. 1860ರಲ್ಲಿ ಹುಟ್ಟಿದ ಮ್ಯಾಂಚೆಸ್ಟರ್ ಕಾಟನ್ ಕಂಪನಿಯ ಕಣ್ಣು ಕಾಳಿ ನದಿಯ ಅಳಿವೆಯ ಮೇಲೆ, ಸೋದೆ ಅರಸರ ಕೋಟೆಯಿರುವ ಸದಾಶಿವಗಡದ ಮೇಲೆ ಬಿತ್ತು. ಕಾರವಾರದ ಕೊಲ್ಲಿ ಗಾಳಿಮರೆಯ ಒಳ್ಳೆಯ ತಂಗುದಾಣ. ಧಾರವಾಡದಿಂದ ಕೈಗಾ ಘಟ್ಟದ ಮೂಲಕ ಅಲ್ಲಿಗೆ ಗಾಡಿರಸ್ತೆ ಮಾಡಿಕೊಡುವುದಾಗಿ ಸರ್ಕಾರ ಹೇಳಿತು. ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಹಡಗಿಗೆ ಹಾಕಿತು. ಕಂಪನಿಯ ಕಾರ್ಯದರ್ಶಿ ಹೇವುಡ್ ಖುದ್ದು ಬಂದು ನೋಡಿದರೆ ರಸ್ತೆ ಮುಗಿದಿಲ್ಲ, ಸಾಮಾನು ಇಳಿಸಲು ದಕ್ಕೆಯೂ ಇಲ್ಲ. ಯಂತ್ರ ದಡದಲ್ಲಿ, ಹತ್ತಿ ಘಟ್ಟದ ಮೇಲೆ. ಲಂಡನ್ನಿನ ಭಾರತ ಮಂತ್ರಿ ಚಾರ್ಲ್ಸ್ ವುಡ್ ಮಾತಿಗೆ ತಪ್ಪಿದರೆಂದು ಮ್ಯಾಂಚೆಸ್ಟರ್ ಬೈಯಿತು. ಕಾಮಗಾರಿ ವಿಳಂಬ ಎಂಬುದು ನಮ್ಮ ಕಾಲದ ಆವಿಷ್ಕಾರವಲ್ಲ.

ಘಟ್ಟದಲ್ಲಿ ರಸ್ತೆ ಕಡಿಯುವುದು ಲಂಡನ್ನಿನಿಂದ ಕಂಡಷ್ಟು ಸುಲಭವಾಗಿರಲಿಲ್ಲ. ಜೂನಿನಿಂದ ಮಳೆ, ಮಳೆ ನಿಂತರೆ ಜ್ವರ. ಕೆಲಸಕ್ಕೆ ಸಿಗುವುದು ವರ್ಷದ ಕೆಲವೇ ತಿಂಗಳು. ಅಳತೆ ಹಾಕುವವನು ಎತ್ತಿನ ಉಸಿರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ತುಂಬಿದ ಗಾಡಿಯ ಜೋಡೆತ್ತು ಒಂದು ಮಿತಿಗಿಂತ ಕಡಿದಾದ ಏರನ್ನು ಏರಲಾರದು, ಇಳಿಜಾರಿನಲ್ಲಿ ತಡೆದುಕೊಳ್ಳಲಾರದು. ಆದ್ದರಿಂದ ರಸ್ತೆ ಗುಡ್ಡದ ಸೊಂಟ ಬಳಸಿಕೊಂಡು, ಒಂದೊಂದೇ ಮಡಿಕೆ ತಿರುಗುತ್ತ, ಸಾವಕಾಶ ಇಳಿಯಿತು. ಅರಬೈಲಿನ ತಿರುವುಗಳಲ್ಲಿ ಬಸ್ಸು ಹೊರಳುವಾಗ ನಾನು ಎಷ್ಟೋ ಸಲ ಯೋಚಿಸಿದ್ದೇನೆ: ಈ ರಸ್ತೆಯ ರೂಪವನ್ನು ತೀರ್ಮಾನಿಸಿದ್ದು ಎತ್ತು. ಇದನ್ನು ಆ ಕಾಲದವರ ಪರಿಸರ ಪ್ರೀತಿ ಎಂದು ಯಾರೂ ತಿಳಿಯಬೇಕಾಗಿಲ್ಲ. ಗುಡ್ಡ ಸೀಳುವ ಯಂತ್ರ ಅವರಲ್ಲಿರಲಿಲ್ಲ, ಅಷ್ಟೆ. ಇದೇ ರಸ್ತೆಗಳು ಸಾಗುವಾನಿಯ ದಿಮ್ಮಿ ಇಳಿಸಲೂ ಅನುಕೂಲವಾದವು. ಅದೇ ಕಾಲದಲ್ಲಿ ಅರಣ್ಯ ಇಲಾಖೆ ಕುಮರಿ ಬೇಸಾಯಕ್ಕೆ ಕಡಿವಾಣ ಹಾಕಿ ಕಾಡಿನ ಜನರ ಹೊಟ್ಟೆಯ ಮೇಲೆ ಹೊಡೆಯಿತು.

ಮ್ಯಾಂಚೆಸ್ಟರಿನ ಒತ್ತಡದಿಂದ ಇನ್ನೊಂದು ಕೆಲಸವೂ ಆಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಡೀ ಕೆನರಾ ಮದ್ರಾಸ್ ಆಡಳಿತಕ್ಕೆ ಸೇರಿತ್ತು. ಹತ್ತಿ ಬೆಳೆಯುವ ಧಾರವಾಡ ಬಾಂಬೆಯದು, ಹತ್ತಿ ಇಳಿಯುವ ಕರಾವಳಿ ಮದ್ರಾಸಿನದು. ಒಂದು ರಸ್ತೆಗೆ ಎರಡು ಸರ್ಕಾರದ ಅಪ್ಪಣೆ ಬೇಕು, ಎರಡು ಖಜಾನೆಯ ಹಣ ಬೇಕು. ಈ ತೊಡಕು ಬಿಡಿಸಲು 1862ರಲ್ಲಿ ಉತ್ತರ ಕನ್ನಡವನ್ನು, ಕುಂದಾಪುರ ತಾಲೂಕೊಂದನ್ನು ಬಿಟ್ಟು, ಬಾಂಬೆ ಪ್ರಾಂತಕ್ಕೆ ವರ್ಗಾಯಿಸಿದರು. ಜಿಲ್ಲೆಯ ಕೇಂದ್ರ ಹೊನ್ನಾವರದಿಂದ ಕಾರವಾರಕ್ಕೆ ಬಂತು. ಒಂದು ಭಾಷೆಯ ಕರಾವಳಿಯ ನಡುವೆ ಹೀಗೆ ಗೆರೆ ಬಿತ್ತು. ಎಳೆದ ಕೈ ಆಡಳಿತದ್ದು, ಎಳೆಸಿದ್ದು ಹತ್ತಿ.

ಇಷ್ಟೆಲ್ಲ ಮಾಡಿದ ಹತ್ತಿ ಬಹಳ ಕಾಲ ನಿಲ್ಲಲಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಬೆಲೆ ಕುಸಿಯಿತು. ಬಾಂಬೆಯಲ್ಲಿ ಹತ್ತಿಯ ಹಣದ ಮೇಲೆ ಎದ್ದಿದ್ದ ಬ್ಯಾಂಕುಗಳು, ಷೇರು ಕಂಪನಿಗಳು ಒಂದರ ಮೇಲೊಂದು ಬಿದ್ದವು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಮುಚ್ಚಿತು. ಕಾರವಾರ, ಕುಮಟಾಗಳ ಹತ್ತಿ ವ್ಯಾಪಾರ ಕುಂಟುತ್ತ ಇನ್ನೆರಡು ದಶಕ ನಡೆಯಿತು. ಕಾರವಾರಕ್ಕೆ ರೈಲು ಬರುತ್ತದೆಂದು ಜನ ಕಾದರು. ರೈಲು ಬಂತು, ಬೇರೆ ಕಡೆಗೆ. ಬ್ರಿಟಿಷರು 1878ರಲ್ಲಿ ಪೋರ್ಚುಗಲ್ ಜೊತೆ ಒಪ್ಪಂದ ಮಾಡಿಕೊಂಡರು. ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬಂದ ಹಳಿ ಕ್ಯಾಸಲ್‌ರಾಕ್‌ನಲ್ಲಿ ಸದರ್ನ್ ಮರಾಠಾ ರೈಲ್ವೆಯನ್ನು ಸೇರಿತು. 1888ರ ಹೊತ್ತಿಗೆ ಹುಬ್ಬಳ್ಳಿಯ ಹತ್ತಿ ಗಾಡಿ ಬಿಟ್ಟು ರೈಲು ಹತ್ತಿ ಗೋವೆಗೆ ಹೊರಟಿತ್ತು. ಹುಬ್ಬಳ್ಳಿ ರೈಲ್ವೆ ಊರಾಗಿ ಬೆಳೆಯಿತು, ಕುಮಟಾದ ಬಂದರು ಮಂಕಾಯಿತು. ಯಾವ ಬಂದರಿಗಾಗಿ ಘಟ್ಟ ಕಡಿದರೋ, ಜಿಲ್ಲೆಯನ್ನೇ ಪ್ರಾಂತದಿಂದ ಪ್ರಾಂತಕ್ಕೆ ಎತ್ತಿಟ್ಟರೋ, ಆ ಬಂದರು ಒಂದು ತಲೆಮಾರಿನಲ್ಲಿ ಸೋತಿತು. ಹೇರೆತ್ತಿನ ಲಂಬಾಣಿಗಳಂತೂ ಅದಕ್ಕೂ ಮೊದಲೇ ಸೋತಿದ್ದರು. ಗಾಡಿರಸ್ತೆ ಮತ್ತು ರೈಲು ಸೇರಿ ಅವರ ನೂರಾರು ವರ್ಷಗಳ ಕಸುಬನ್ನು ಮುಗಿಸಿಬಿಟ್ಟವು.

ಹಾಗಾದರೆ ಆ ರಸ್ತೆ ವ್ಯರ್ಥವಾಯಿತೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಅದು ಹೊತ್ತ ನಿಜವಾದ ಹೇರು ಯಾವುದೆಂದು ಹುಡುಕುವಾಗ ನಾವು ಹತ್ತಿಯ ಅಂಡಿಗೆಯ ಆಚೆಗೂ ನೋಡಬೇಕು.

1862ರ ಗೆರೆಯಿಂದಾಗಿ ಉತ್ತರ ಕನ್ನಡದ ಹುಡುಗನಿಗೆ ದೊಡ್ಡ ಊರು ಎಂದರೆ ಮುಂಬಯಿ ಆಯಿತು, ಓದು ಎಂದರೆ ಧಾರವಾಡ ಆಯಿತು. ಕೆಳಗೆ, ಗೆರೆಯ ಆ ಬದಿಗೆ, ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ. ಗೆರೆಯ ಈ ಬದಿಯ ಹನೇಹಳ್ಳಿಯ ಯಶವಂತ ಚಿತ್ತಾಲರು ಬದುಕಿದ್ದು, ‘ಶಿಕಾರಿ’ ಬರೆದದ್ದು ಮುಂಬಯಿಯಲ್ಲಿ. ಅಂಕೋಲೆಯ ರೈತರನ್ನು ಸಂಘಟಿಸಿ ಜಿಲ್ಲೆಯಿಂದಲೇ ಗಡಿಪಾರಾದ ಚುಟುಕಗಳ ದಿನಕರ ದೇಸಾಯಿಯವರ ಕಾರ್ಯಕ್ಷೇತ್ರದ ಅರ್ಧ ಮುಂಬಯಿ, ಇನ್ನರ್ಧ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳು. ಹಳಿಯಾಳದಲ್ಲಿ ಹುಟ್ಟಿದ ಶಾಂತಿನಾಥ ದೇಸಾಯಿ ಧಾರವಾಡದಲ್ಲಿ ಇಂಗ್ಲಿಷ್ ಕಲಿಸಿದರು. ಗೋಕರ್ಣದ ಜಯಂತ ಕಾಯ್ಕಿಣಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದಿ ಮುಂಬಯಿಗೆ ಹೋದರು. ಅಲ್ಲಿಂದ ನಮಗೆ ಆ ಕತೆಗಳು ಬಂದವು. ಇವರೆಲ್ಲ ತಮ್ಮ ಪ್ರತಿಭೆಯಿಂದ ಬರೆದವರು. ರಸ್ತೆಯಿಂದ ಸಾಹಿತ್ಯ ಹುಟ್ಟುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಹೊಸಗನ್ನಡ ಕತೆಯೊಳಗೆ ಮುಂಬಯಿ ಇಷ್ಟು ಸಹಜವಾಗಿ ಬಂದು ಕೂತಿರುವುದರ ಹಿಂದೆ, ಧಾರವಾಡದ ಸಾಹಿತ್ಯದ ಮಾತು ಕರಾವಳಿಯ ಹಳ್ಳಿಯ ಅಂಗಳ ತಲುಪಿದ್ದರ ಹಿಂದೆ, ಹತ್ತಿಗಾಗಿ ಕಡಿದ ಘಟ್ಟ ಮತ್ತು ಹತ್ತಿಗಾಗಿ ಎಳೆದ ಗಡಿ ಇವೆ. ಇದು ಯಾವ ಕಂಪನಿಯ ಲಾಭನಷ್ಟದ ಪಟ್ಟಿಯಲ್ಲೂ ಇರಲಿಲ್ಲ.

ಘಟ್ಟದ ನಡುವಿನ ಊರುಗಳದ್ದೂ ಇದೇ ಕತೆ. ಸುಂಕಸಾಳ, ರಾಮನಗುಳಿ, ಇಡಗುಂದಿ, ಯಲ್ಲಾಪುರ, ಕಿರವತ್ತಿ: ಹತ್ತಿ ವ್ಯಾಪಾರಿಗೆ ಇವು ದಾರಿಯಲ್ಲಿ ಬರುವ ಹೆಸರುಗಳು. ಆದರೆ ಹತ್ತಿ ನಿಂತ ಮೇಲೂ ರಸ್ತೆ ಉಳಿದದ್ದು ಈ ಊರುಗಳಿಂದ. ಅಡಕೆಯ ಮೂಟೆ, ಟಪಾಲಿನ ಚೀಲ, ಮದುವೆ ದಿಬ್ಬಣ, ಯಕ್ಷಗಾನ ಮೇಳದ ಪೆಟ್ಟಿಗೆ, ಪರೀಕ್ಷೆ ಬರೆಯುವ ಹುಡುಗರು, ಹೆರಿಗೆಗೆ ಹೊರಟ ಹೆಂಗಸು ಈ ದಾರಿಯಲ್ಲಿ ಓಡಾಡಿದರು. ಹೀಗೆ ಸಣ್ಣ ಸಣ್ಣ ಹೇರುಗಳೇ ದೊಡ್ಡ ಹೇರಿಗಿಂತ ಹೆಚ್ಚು ಬಾಳಿದವು.

ಈ ಪಾಠ ನಾವು ಕಲಿತಂತೆ ಕಾಣಲಿಲ್ಲ. 2000ದ ಮೊದಲ ದಶಕದಲ್ಲಿ ಚೀನಾಕ್ಕೆ ಕಬ್ಬಿಣದ ಹಸಿವು ಹುಟ್ಟಿತು. ಸಂಡೂರು, ಹೊಸಪೇಟೆಯ ಅದಿರು ಹುಬ್ಬಳ್ಳಿ ದಾಟಿ ಅದೇ ಅರಬೈಲು ಇಳಿದು ಬೇಲೆಕೇರಿ, ಕಾರವಾರದ ಬಂದರು ಸೇರತೊಡಗಿತು. ಮಿತಿ ಮೀರಿ ಭಾರ ಹೊತ್ತ ಲಾರಿಗಳ ಸಾಲು ರಾತ್ರಿ ಹಗಲೆನ್ನದೆ ಘಟ್ಟ ಇಳಿಯಿತು. ರಸ್ತೆಯ ಬದಿಯ ಮರಗಳ ಎಲೆ ಕೆಂಪಾದವು, ಮನೆಯ ಹಂಚು ಕೆಂಪಾಯಿತು, ಡಾಂಬರು ಪುಡಿಯಾಯಿತು. 2010ರಲ್ಲಿ ಬೇಲೆಕೇರಿಯಲ್ಲಿ ಮುಟ್ಟುಗೋಲು ಹಾಕಿದ್ದ ಲಕ್ಷಾಂತರ ಟನ್ ಅದಿರು ಅಲ್ಲಿಂದಲೇ ಮಾಯವಾಗಿ ಹಡಗು ಹತ್ತಿತ್ತು. ಆ ಜುಲೈನಲ್ಲಿ ರಾಜ್ಯ ಸರ್ಕಾರ ಬಂದರುಗಳಿಂದ ಅದಿರು ರಫ್ತು ನಿಷೇಧಿಸಿತು. ಮರುವರ್ಷ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂತು. ಹತ್ತಿಯ ಭರಾಟೆ ನಾಲ್ಕೈದು ವರ್ಷ ನಡೆದಿದ್ದರೆ ಅದಿರಿನದ್ದು ಹೆಚ್ಚೆಂದರೆ ಒಂದು ದಶಕ. ಹೋಗುವಾಗ ಹತ್ತಿ ರಸ್ತೆ ಬಿಟ್ಟುಹೋಗಿತ್ತು, ಅದಿರು ಹೊಂಡ ಬಿಟ್ಟುಹೋಯಿತು.

ಈಗ ಮೂರನೆಯ ಸಲ. ರಸ್ತೆ ಅಗಲವಾಗಬೇಕು ಎನ್ನುವುದರಲ್ಲಿ ನನಗೆ ಜಗಳವಿಲ್ಲ. ಸಾಮಾನು ತುಂಬಿದ ಲಾರಿ ಅರಬೈಲಿನಲ್ಲಿ ಕೆಟ್ಟು ನಿಂತು, ಹಿಂದೆ ಮೈಲುಗಟ್ಟಲೆ ವಾಹನ ಸಾಲಾಗಿ, ಅದರ ನಡುವೆ ಅಂಬುಲೆನ್ಸ್ ಸಿಕ್ಕಿಕೊಂಡದ್ದನ್ನು ಕಂಡವರು ಯಾರೂ ಹಳೆಯ ರಸ್ತೆಯ ಸೊಬಗನ್ನು ಹೊಗಳಲಾರರು. ಉತ್ತರ ಕನ್ನಡದವರು ಗಂಭೀರ ಕಾಯಿಲೆ ಬಂದರೆ ಹುಬ್ಬಳ್ಳಿಗೋ ಮಂಗಳೂರು, ಮಣಿಪಾಲಕ್ಕೋ ಓಡಬೇಕು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗು ಇಡೀ ರಾಜ್ಯಕ್ಕೆ ಕೇಳಿಸಿತು. ಅದು ಬರುವ ತನಕ ರಸ್ತೆಯೇ ಇವರ ಆಸ್ಪತ್ರೆಯ ಮೊದಲ ಕೋಣೆ. ಹುಬ್ಬಳ್ಳಿ–ಅಂಕೋಲಾ ರೈಲು 1990ರ ದಶಕದಿಂದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿರುವಾಗ ಜನರಿಗೆ ಇರುವುದು ರಸ್ತೆಯೊಂದೇ.

ನನ್ನ ತಕರಾರು ಇರುವುದು ರಸ್ತೆಯ ಬಗ್ಗೆ ಅಲ್ಲ, ಅದರ ಅಳತೆಗೋಲಿನ ಬಗ್ಗೆ. ಎತ್ತು ಕೇಳಿದ್ದು ಸಾವಕಾಶದ ಏರು. ಇಂದಿನ ಲಾರಿ ಏರಿಗೆ ಅಂಜುವುದಿಲ್ಲ, ಅದು ಕೇಳುವುದು ವೇಗ. ವೇಗಕ್ಕೆ ತಿರುವು ಅಗಲವಾಗಬೇಕು, ದಾರಿ ನೇರವಾಗಬೇಕು. ಅದಕ್ಕೆ ಗುಡ್ಡವನ್ನು ಬಳಸದೆ ಕಡಿಯಬೇಕು. ನಮ್ಮ ಕರಾವಳಿಯ ಗುಡ್ಡಗಳ ಮೇಲೆ ಜಂಬಿಟ್ಟಿಗೆಯ ಗಟ್ಟಿ ಚಿಪ್ಪು, ಅದರ ಕೆಳಗೆ ನಮ್ಮವರು ಶೇಡಿ ಮಣ್ಣು ಎನ್ನುವ ಮೆತ್ತನೆಯ ಜೇಡಿ. ಬೇಸಗೆಯಲ್ಲಿ ಅದು ಗೋಡೆಯ ಹಾಗೆ ನಿಲ್ಲುತ್ತದೆ. ಜುಲೈ ಮಳೆಯಲ್ಲಿ ನೀರು ಕುಡಿದು ಭಾರವಾದಾಗ ಕೆಳಗೆ ಆಸರೆಯ ಪಾದವೇ ಇಲ್ಲದಿದ್ದರೆ ಮೇಲಿನದೆಲ್ಲ ಒಮ್ಮೆಲೇ ಇಳಿಯುತ್ತದೆ. ಗುಡ್ಡದ ಪಾದ ಕಡಿದರೆ ಏನಾಗುತ್ತದೆ ಎನ್ನುವುದು ಬಾವಿ ತೋಡುವ ಯಾವ ಕೂಲಿಗೂ ಗೊತ್ತಿರುವ ವಿದ್ಯೆ.

2021ರ ಜುಲೈ ನೆರೆಯಲ್ಲಿ ಅರಬೈಲು ಘಟ್ಟ ಕುಸಿದು ಹೆದ್ದಾರಿ ಮುಚ್ಚಿತು. ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಯಲ್ಲಾಪುರದ ಕಳಚೆಯಲ್ಲಿ ತೋಟ ಮನೆಗಳು ಗುಡ್ಡದ ಜೊತೆ ಜಾರಿದವು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆಯ ಶಿರೂರಿನಲ್ಲಿ, ನಾಲ್ಕು ಪಥಕ್ಕಾಗಿ ಕಡಿದ ಗುಡ್ಡ 66ನೇ ಹೆದ್ದಾರಿಯ ಮೇಲೆ ಬಿದ್ದು ಗಂಗಾವಳಿಗೆ ಇಳಿಯಿತು. ರಸ್ತೆ ಬದಿಯ ಚಹಾದಂಗಡಿಯ ಕುಟುಂಬ, ಅಲ್ಲಿ ನಿಂತ ಲಾರಿಗಳ ಚಾಲಕರು, ಹೊಳೆಯ ಆಚೆ ದಡದ ಉಳುವರೆಯಲ್ಲಿ ಎದ್ದ ಅಲೆಗೆ ಸಿಕ್ಕಿದವರು, ಎಲ್ಲ ಸೇರಿ ಹನ್ನೊಂದು ಜೀವ. ಮರ ಹೊತ್ತಿದ್ದ ಲಾರಿಯೊಂದು ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಸತ್ತವರಲ್ಲಿ ಹೆದ್ದಾರಿಯ ಎರಡು ತುದಿಯ ವ್ಯಾಪಾರಿಗಳು ಯಾರೂ ಇರಲಿಲ್ಲ. ಎಲ್ಲರೂ ನಡುವಿನವರು.

ಈ ಗಂಗಾವಳಿಯನ್ನು ಕುರಿತು ಒಂದು ಮಾತು ಹೇಳಬೇಕು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಕಲಘಟಗಿಯ ಕಡೆ ಬೇಡ್ತಿಯನ್ನು ಸೇರಿ, ಮಾಗೋಡಿನಲ್ಲಿ ಧುಮುಕಿ, ಕೆಳಗೆ ಗಂಗಾವಳಿಯಾಗಿ ಸಮುದ್ರ ಕಾಣುತ್ತದೆ. ಹತ್ತಿಯೂ ಅದಿರೂ ಹಿಡಿದ ದಾರಿ ಬಹುಪಾಲು ಈ ಹೊಳೆಯ ಜೊತೆಗೇ ಇಳಿಯುತ್ತದೆ. ಮನುಷ್ಯ ಕಡಿದ ರಸ್ತೆಗೆ ಮುಂಚೆ ಧಾರವಾಡವನ್ನೂ ಅಂಕೋಲೆಯನ್ನೂ ಸೇರಿಸಿದ್ದು ನೀರು. ಆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ಇಂಗುತ್ತದೆ, ಯಾವ ಗುಡ್ಡದ ಹೊಟ್ಟೆಯಲ್ಲಿ ಕೂತಿರುತ್ತದೆ ಎಂಬುದನ್ನು ಕೇಳದೆ ಮಾಡಿದ ರಸ್ತೆಗೆ ಹೊಳೆಯೇ ಉತ್ತರ ಕೊಡುತ್ತದೆ.

ಹೆದ್ದಾರಿಯ ಯೋಜನಾ ವರದಿಗಳಲ್ಲಿ ಪ್ರಯಾಣದ ಸಮಯ ಎಷ್ಟು ಉಳಿಯುತ್ತದೆ, ದಿನಕ್ಕೆ ಎಷ್ಟು ವಾಹನ ಓಡುತ್ತವೆ, ಸರಕಿನ ಖರ್ಚು ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ಇರುತ್ತದೆ. ಅವು ಬೇಕಾದ ಲೆಕ್ಕಗಳೇ. ಆದರೆ ಅವೆಲ್ಲ ಎರಡು ತುದಿಯ ಲೆಕ್ಕ. ಇಳಿಜಾರಿಗೆ ಮೆಟ್ಟಿಲು ಕಡಿದು ಆಧಾರ ಕಟ್ಟಲು, ನೀರಿಗೆ ಚರಂಡಿ ಬಿಡಲು, ಬೇಕಾದ ಕಡೆ ವೇಗವನ್ನೇ ಬಿಟ್ಟುಕೊಟ್ಟು ಹಳೆಯ ಬಳಸುದಾರಿಯನ್ನು ಇಟ್ಟುಕೊಳ್ಳಲು, ಚಹಾದಂಗಡಿಗೆ ಗುಡ್ಡದ ಬುಡದಲ್ಲಲ್ಲದೆ ಭದ್ರವಾದ ಜಾಗದಲ್ಲಿ ಎಡೆ ಕೊಡಲು ಹಣವೂ ಸಮಯವೂ ಬೇಕು. ಆ ಖರ್ಚನ್ನು ವ್ಯಾಪಾರದ ಲಾಭಕ್ಕೆ ತೂಗಿದರೆ ಯಾವತ್ತೂ ದುಬಾರಿಯೇ. ಕಂಟೇನರಿನ ಲಾಭಕ್ಕೆ ತೂಗುವ ಬದಲು, ಕಂಟೇನರು ಬೇರೆ ಬಂದರಿಗೆ ಹೋದ ಮೇಲೂ ಈ ರಸ್ತೆಯಲ್ಲಿ ಓಡಾಡುವವರ ಆಯುಷ್ಯಕ್ಕೆ ತೂಗಿ ನೋಡಬೇಕು.

1862ರಲ್ಲಿ ಜಿಲ್ಲೆಯ ಗೆರೆ ಬದಲಿಸಿದವರ ಕಣ್ಣಮುಂದೆ ಇದ್ದದ್ದು ಮ್ಯಾಂಚೆಸ್ಟರಿನ ಗಿರಣಿ. ಗೋಕರ್ಣದ, ಹನೇಹಳ್ಳಿಯ ಇನ್ನೂ ಹುಟ್ಟದ ಮಕ್ಕಳು ಎಲ್ಲಿ ಓದುತ್ತಾರೆ, ಯಾವ ನಗರದ ಕತೆ ಬರೆಯುತ್ತಾರೆ ಎಂಬುದನ್ನೂ ತಾವು ತೀರ್ಮಾನಿಸುತ್ತಿದ್ದೇವೆ ಎಂದು ಅವರಿಗೆ ತಿಳಿದಿರಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲ. ನಮಗೆ ಆ ನೆಪವಿಲ್ಲ. ಈ ಘಟ್ಟ ಏನನ್ನು ಕಳಿಸಿಬಿಡುತ್ತದೆ, ಏನನ್ನು ಉಳಿಸಿಕೊಳ್ಳುತ್ತದೆ ಎಂಬುದಕ್ಕೆ 160 ವರ್ಷದ ಲೆಕ್ಕ ನಮ್ಮ ಕೈಯಲ್ಲಿದೆ.